ಸತ್ತ ಎಮ್ಮೆಗೆ ಬಾಣಂತನ

ಕಂತು ಆರು

"ಹನ್ನೊಂದಕ್ಕ ಬರ್ತಾರಂತ ಬೇ!"

ಮಹಾದೇವಿ ಓಣಿಗೆಲ್ಲ ಕೇಳುವಂತೆ ಕೂಗಿದ ರಭಸಕ್ಕೆ ಅವಳ ಮೊಣಕಾಲುಗಳ ನಡುವೆ ಸಿಕ್ಕಿಕೊಂಡಿದ್ದ ಆಡು ಬೆಚ್ಚಿಬಿದ್ದು, ಕುಡಿಸಿದ ಜಂತಿನ ಔಷಧವನ್ನೆಲ್ಲ ಅವಳ ಸೀರೆಯ ಮೇಲೇ ಉಗುಳಿ ಪರಾರಿಯಾಯಿತು. ಆಡಿನ ಹಿಂದೆ ಓಡುವ ಹೊತ್ತು ಅದಲ್ಲ. ಅವಳು ಮೊಬೈಲನ್ನು ಸೆರಗಿಗೆ ಒರೆಸಿಕೊಂಡು ಸಂದೇಶವನ್ನು ಇನ್ನೊಮ್ಮೆ ಓದಿದಳು.

'ಇಂದು ಬೆಳಿಗ್ಗೆ 11 ಗಂಟೆಗೆ ಹುನ್ನೂರ ಗ್ರಾಮದಲ್ಲಿ ಕಿವಿಯೋಲೆ ತಪಾಸಣೆ. ಎಲ್ಲ ಜಾನುವಾರುಗಳನ್ನು ಮನೆಯಲ್ಲೇ ಕಟ್ಟಿರತಕ್ಕದ್ದು.'

ಸಂದೇಶ ಬಂದಾಗ ಎಂಟೂ ನಲವತ್ತು. ನಾವು ಸರಕಾರಕ್ಕೆ ಒಂದು ಅರ್ಜಿ ಕೊಟ್ಟರೆ ಉತ್ತರ ಬರುವಷ್ಟರಲ್ಲಿ ಕರು ಹೋಗಿ ಎತ್ತಾಗಿರುತ್ತದೆ. ಸರಕಾರ ನಮ್ಮ ಮನೆಗೆ ಬರುವುದಾದರೆ ಮಾತ್ರ ಎರಡು ತಾಸು ಸಾಕು.

ಮಹಾದೇವಿ ಹುನ್ನೂರಿನ ಪಶುಸಖಿ. ದನಕ್ಕೆ ಹೊಟ್ಟೆ ಉಬ್ಬಿದರೆ, ಆಡು ಕುಂಟಿದರೆ, ಡಾಕ್ಟರು ಬರುವತನಕ ಎಲ್ಲವೂ ಅವಳದೇ. ಯಾರ ಕೋಳಿ ಯಾರ ಹಿತ್ತಲಲ್ಲಿ ಮೊಟ್ಟೆ ಇಡುತ್ತದೆ ಎಂಬುದೂ ಅವಳಿಗೆ ಗೊತ್ತು. ಅಂಥವಳಿಗೂ ಕಳೆದ ವಾರದಿಂದ ಒಂದು ಗುಟ್ಟು ಬಿಡಿಸಲಾಗಿರಲಿಲ್ಲ. ಅನಸವ್ವನ ಎಮ್ಮೆ ಚಂದ್ರಿ, ಗಟ್ಟಿಮುಟ್ಟಾಗಿ ನಿಂತು ಮೆಲುಕು ಹಾಕುವ ಚಂದ್ರಿ, ಸರಕಾರದ ಆ್ಯಪಿನಲ್ಲಿ ಸತ್ತು ಮೂರು ತಿಂಗಳಾಗಿತ್ತು. ಸಾಯಿಸಿದವರು ಯಾರು?

ಅದು ಗೊತ್ತಾಗದಿದ್ದರೆ ಇವತ್ತು ಚಂದ್ರಿ ಅನಸವ್ವನ ಕೈಬಿಟ್ಟಂತೆಯೇ. ಪ್ರತಿ ದನದ ಕಿವಿಗೂ ಒಂದು ಹಳದಿ ಬಿಲ್ಲೆ, ಬಿಲ್ಲೆಯ ಮೇಲೆ ಹನ್ನೆರಡು ಅಂಕಿ. ಸತ್ತ ಎಮ್ಮೆಯ ಅಂಕಿ ಬದುಕಿದ ಎಮ್ಮೆಯ ಕಿವಿಯಲ್ಲಿ ಸಿಕ್ಕರೆ, ಅದು ಕದ್ದ ಎಮ್ಮೆ. ಕದ್ದ ಎಮ್ಮೆಯ ಜಾಗ ಕೊಂಡವಾಡ, ಅಂದರೆ ಸರಕಾರದ ದನದ ದೊಡ್ಡಿ.

ಹುನ್ನೂರ ಅಷ್ಟೊತ್ತಿಗೆ ಇರುವೆ ಗೂಡಿಗೆ ನೀರು ಬಿಟ್ಟಂತಾಗಿತ್ತು. ಮಲಕಾಜಪ್ಪ ಕಬ್ಬಿನ ಹೊಲಕ್ಕೆ ಹೊರಟಿದ್ದ ಎತ್ತುಗಳನ್ನು ಅರ್ಧ ದಾರಿಯಿಂದ ತಿರುಗಿಸಿಕೊಂಡು ಬರುತ್ತಿದ್ದ. ಎತ್ತುಗಳಿಗೋ ಹಬ್ಬ. ಮುದಕವ್ವ ಏಳು ಕೋಳಿಗಳನ್ನು ಬುಟ್ಟಿಯ ಕೆಳಗೆ ಮುಚ್ಚಿ, ಅದರ ಮೇಲೆ ತಾನೇ ಕುಳಿತಿದ್ದಳು.

"ಯಾಕ ಆಯಿ, ಕೋಳಿ ಯಾಕ ಮುಚ್ಚೀದಿ?" ಮಹಾದೇವಿ ಸ್ಕೂಟಿ ನಿಲ್ಲಿಸದೆಯೇ ಕೇಳಿದಳು.

"ಕಿವಿಗಿ ಓಲಿ ಚುಚ್ಚತಾರಂತಲ್ಲ?"

"ಕೋಳಿಗಿ ಕಿವಿ ಎಲ್ಲಿ ಅದಾವ?"

ಮುದಕವ್ವ ಒಂದು ಗಳಿಗೆ ವಿಚಾರ ಮಾಡಿದಳು. "ಸರಕಾರ ಐತಿ ತಂಗಿ. ಕಿವೀನೂ ಹಚ್ಚಿ ಚುಚ್ಚತೈತಿ."

ಬುಟ್ಟಿಯಿಂದ ಏಳಲು ಮಾತ್ರ ಒಪ್ಪಲಿಲ್ಲ.

ಅನಸವ್ವನ ಮನೆ ಊರ ತುದಿಗೆ. ಅರವತ್ತು ದಾಟಿದ ಹೆಂಗಸು. ಸ್ವಂತ ಎರಡೆಕರೆ, ಸ್ವಂತ ಎಮ್ಮೆ, ಯಾರಿಂದಲೂ ಎರವಲು ತರದ ನಾಲಿಗೆ. ಮಹಾದೇವಿ ಹೋದಾಗ ಅವಳು ಚಂದ್ರಿಯ ಕೋಡಿಗೆ ಕುಸಬಿ ಎಣ್ಣೆ ತಿಕ್ಕುತ್ತಿದ್ದಳು.

"ಇದೇನ ಚಿಗವ್ವಾ, ಸತ್ತಾಕಿಗಿ ಸಿಂಗಾರ?"

"ಸತ್ತಾಕಿ ಹಿಂಗ ಮಿಂಚಾಕತ್ತಾಳ ಅಂದ್ರ ಬದುಕಿದ್ದಾಕಿ ಹೆಂಗ ಇದ್ದಿರಬೇಕಂತ ಅವರೂ ನೋಡ್ಲಿ." ಕೈ ನಿಲ್ಲಿಸಿ ದನಿ ತಗ್ಗಿಸಿದಳು. "ಖರೆ ಹೇಳು ಮಾದೇವಿ. ಕಬ್ಬಿನ್ಯಾಗ ಹೊಡದ ಬಿಡೂಣೇನ? ಆನಿ ನಿಂತರೂ ಕಾಣೂದಿಲ್ಲ."

"ಅಡಗಿಸಿದ್ರ ಕಳವು ಒಪ್ಪಿಕೊಂಡಂಗ. ಅದೂ ಅಲ್ದ, ಇಕಿ ಇವತ್ತ ಎಲ್ಲಿಗೂ ಹೋಗೂ ಹಂಗಿಲ್ಲ."

ಚಂದ್ರಿಯ ಕೆಚ್ಚಲು ಬಿಗಿದು ಹೊಳೆಯುತ್ತಿತ್ತು. ನಿಂತಲ್ಲಿ ನಿಲ್ಲದೆ ಕಾಲು ಬದಲಿಸುತ್ತಿತ್ತು. ಬಾಲ ಒಂದು ಪಕ್ಕಕ್ಕೆ ತಿರುಗಿತ್ತು. ಅನಸವ್ವ ಅದನ್ನು ನೋಡಿ ಎರಡೂ ಕೈ ಎತ್ತಿ ಮುಗಿದಳು, ದೇವರಿಗೋ ಎಮ್ಮೆಗೋ ತಿಳಿಯಲಿಲ್ಲ.

"ಇವತ್ತ ಈಯ್ತಾಳ!" ಎಂದಳು. ಮುಖ ಅರಳಿತು, ಮರುಕ್ಷಣ ಬಾಡಿತು. "ಕೊಂಡವಾಡದಾಗ ಈಯಬೇಕೇನ ನನ್ನ ಮಗಳು?"

ಮಹಾದೇವಿ ಕಟ್ಟೆಯ ಮೇಲೆ ಕುಳಿತು ಮೊಬೈಲು ತೆಗೆದಳು. ಕಳೆದ ವಾರದಿಂದ ನೂರು ಸಲ ನೋಡಿದ ಪುಟವನ್ನೇ ನೂರಾ ಒಂದನೇ ಸಲ ನೋಡಿದಳು.

ಮಾಲೀಕರು: ರಾವಸಾಹೇಬ, ತೇರದಾಳ. ಸ್ಥಿತಿ: ಮರಣ. ಷರಾ: ಎಮ್ಮೆಯು ತೀರಿಕೊಂಡಿರುತ್ತದೆ.

ನಮೂದಿಸಿದವರ ಹೆಸರಿನ ಜಾಗದಲ್ಲಿ ಒಂದು ಬೀಗದ ಚಿತ್ರ. ಅದನ್ನು ನೋಡುವ ಹಕ್ಕು ಮೇಲಿನವರಿಗೆ ಮಾತ್ರ, ಪಶುಸಖಿಯರಿಗಿಲ್ಲ.

ಮಾಲೀಕರ ಹೆಸರು ರಾವಸಾಹೇಬ ಆದದ್ದರಲ್ಲಿ ಮೋಸವಿರಲಿಲ್ಲ. ಚಂದ್ರಿ ಇನ್ನೂ ಈಯದ ಮಣಕವಿದ್ದಾಗಲೇ ಅನಸವ್ವ ಅದನ್ನು ತೇರದಾಳದ ರಾವಸಾಹೇಬರಿಗೆ ಪಾಲಿಗೆ ಕೊಟ್ಟಿದ್ದಳು. ಈ ಕಡೆಯ ಪದ್ಧತಿ ಅದು. ಸಾಕಿದವರಿಗೆ ಮೊದಲ ಸೂಲಿನ ಹಾಲು, ಕರು. ಆಮೇಲೆ ಎಮ್ಮೆ ಮರಳಿ ಕೊಟ್ಟವರ ಮನೆಗೆ. ಬಾಯಿಮಾತಿನ ಕರಾರು. ಅಜ್ಜಂದಿರ ಕಾಲದಿಂದ ನಡೆದು ಬಂದದ್ದು. ಬಿಲ್ಲೆ ಚುಚ್ಚುವವರು ಬಂದಾಗ ಚಂದ್ರಿ ತೇರದಾಳದಲ್ಲಿತ್ತು, ಹೆಸರು ಕೇಳಿದರು, ಕಟ್ಟಿದವರ ಹೆಸರು ಬರೆದುಕೊಂಡರು. ಒಂದು ಎಮ್ಮೆಗೆ ಎರಡು ಮನೆ ಇರುತ್ತದೆ ಎಂದು ಆ್ಯಪಿಗೆ ಹೇಳಿಕೊಟ್ಟವರು ಯಾರೂ ಇರಲಿಲ್ಲ.

"ಅಂವಾನ ಮಾಡ್ಯಾನ," ಅನಸವ್ವ ಎಣ್ಣೆ ಕೈಯನ್ನೇ ತೇರದಾಳದ ದಿಕ್ಕಿಗೆ ಚಾಚಿದಳು. "ಮೊದಲ ಸೂಲಿಗೆ ಗಂಡಗರಾ ಹುಟ್ಟಿತಂತ ಹೊಟ್ಯಾಗ ಉರಿ. ಎರಡನೇದ್ದೂ ನನಗ ಬಿಡ ಅನಸಕ್ಕಾ ಅಂತ ನಕ್ಕೋಂತ ಕೇಳಿದ್ದ. ಈಗ ಇಕಿ ಕೊಂಡವಾಡಕ್ಕ ಹೋದ್ರ, ಬಿಡಿಸಿಕೊಂಡ ಹೋಗಾಕ ಯಾರ ಹೆಸರೈತಿ? ಅವಂದ! ಸಂಜಿ ಆದ ಮ್ಯಾಲ ಉಣ್ಣೂದಿಲ್ಲ, ಹುಳಾ ಸಾಯ್ತಾವಂತ. ನನ್ನ ಎಮ್ಮಿ ಮಾತ್ರ ಕಾಗದದಾಗ ಕೊಲ್ಲಬೌದೇನ?"

ಮಾತು ಒರಟಾದರೂ ತರ್ಕ ಸರಿಯಿತ್ತು. ಮಹಾದೇವಿಯ ಪಟ್ಟಿಯಲ್ಲಿ ರಾವಸಾಹೇಬ ಮೊದಲಿನವರು. ಎರಡನೆಯವನು ಬೇಲಿಯ ಆಚೆ, ಹೆಗಲ ಮೇಲೆ ಟವಲು ಹಾಕಿಕೊಂಡು ಹಲ್ಲು ಕಿರಿಯುತ್ತ ನಿಂತಿದ್ದ.

ದನದ ದಲ್ಲಾಳಿ ನಿಂಗಣ್ಣ. ಚಂದ್ರಿಯ ಮೇಲೆ ಅವನಿಗೆ ವರ್ಷದಿಂದ ಕಣ್ಣು. ಸಂತೆಯಲ್ಲಿ ಟವಲಿನ ಮರೆಗೆ ಬೆರಳು ಹಿಡಿದು ರೇಟು ಕುದುರಿಸುವುದರಲ್ಲಿ ಮುಧೋಳತನಕ ಅವನ ಹೆಸರು.

"ಅನಸವ್ವಾ, ಸತ್ತ ಎಮ್ಮಿಗಿ ಏನ್ ಹೇಳ್ತಿ? ಬೆರಳ ಹಿಡಿ ಬಾ."

"ಕಸಬರಿಗಿ ಹಿಡದ ಬರ್ಲೇನ?"

"ನಿಂಗಣ್ಣ," ಮಹಾದೇವಿ ತಲೆಯೆತ್ತದೆ ಕೇಳಿದಳು, "ಎಮ್ಮಿ ಸತ್ತರ ನೀ ಏನಂತಿ?"

"ಏನ್ ಅಂತೇನಿ? ಖಲಾಸ್ ಅಂತೇನಿ."

"ಮನಶ್ಯಾ ಸತ್ತರ?"

"ಅದೂ ಖಲಾಸ್."

ಮಹಾದೇವಿಗೆ ನಗು ಬಂತು. ನಗುವಿನ ಜೊತೆಗೇ ತಲೆಯೊಳಗೆ ಏನೋ ಟಕ್ಕೆಂದಿತು. ಮತ್ತೆ ಮೊಬೈಲು ನೋಡಿದಳು. 'ತೀರಿಕೊಂಡಿರುತ್ತದೆ.'

ಛೇ, ಇಷ್ಟು ದಿನ ಕಣ್ಣಿಗೆ ಯಾಕೆ ಬೀಳಲಿಲ್ಲ! ಜಮಖಂಡಿಯಿಂದ ಬೀಳಗಿತನಕ, ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಿಂದ ತೇರದಾಳದ ಬಸದಿ ಓಣಿತನಕ, ಎಮ್ಮೆ ಸತ್ತರೆ ಜನ 'ಸತ್ತೈತಿ' ಅನ್ನುತ್ತಾರೆ. ಇನ್ನೂ ದುಃಖವಿದ್ದರೆ 'ಜೀವ ಬಿಟ್ಟೈತಿ' ಅನ್ನುತ್ತಾರೆ. ತೀರಿಕೊಳ್ಳುವವರು ಮನುಷ್ಯರು, ಅದೂ ನಾಲ್ಕು ಮಂದಿಯಲ್ಲಿ ಮರ್ಯಾದೆ ಇದ್ದವರು. ಎಮ್ಮೆಯನ್ನು ತೀರಿಸಿಕೊಟ್ಟವರು ಈ ಸೀಮೆಯವರಲ್ಲ.

ಅವಳು ತೇರದಾಳಕ್ಕೆ ಫೋನು ಹಚ್ಚಿದಳು. "ರಾವಸಾಹೇಬ್ರ, ಚಂದ್ರಿ ಈಯಾಕತ್ತಾಳ. ನೀವು ಇಲ್ಲಿ ಬೇಕಾಗೀರಿ. ಈಗಿಂದೀಗ ಬರ್ರಿ."

"ಈಯಾಕತ್ತಾಳ? ಬಂದೆ!" ಎಂದದ್ದಷ್ಟೇ, ಫೋನು ಕಟ್ಟಾಯಿತು. ಕೊಲೆಗಾರನ ದನಿಯಲ್ಲಿ ಅಷ್ಟು ಖುಷಿ ಇರುತ್ತದೆಯೇ?

ಜೀಪು ಬಂದದ್ದು ಹನ್ನೊಂದೂಕಾಲಿಗೆ. ಡಾಕ್ಟರ್ ರಾಜಶ್ರೀ ಇಳಿದರು. ಮೂವತ್ತರ ಹರೆಯ, ಚೂಡಿದಾರ, ಕಾಲಲ್ಲಿ ರಬ್ಬರಿನ ಬೂಟು. ಮಂಡ್ಯದ ಕಡೆಯಿಂದ ವರ್ಗವಾಗಿ ಬಂದು ನಾಲ್ಕು ತಿಂಗಳು. ಜೊತೆಗೆ ಒಬ್ಬ ಸಹಾಯಕ.

ಮಲಕಾಜಪ್ಪನ ಎತ್ತುಗಳು ಪಾಸಾದವು. ಮುದಕವ್ವನ ಬುಟ್ಟಿಯೊಳಗಿನ ಗದ್ದಲ ಕೇಳಿ ರಾಜಶ್ರೀ ಹುಬ್ಬೇರಿಸಿದರು. "ಅಲ್ಲೇನಿದೆ ಅಜ್ಜಿ?"

"ಏನೂ ಇಲ್ರಿ ಬಾಯಾರ. ಹೊಟ್ಟಿ ಗುರುಗುಟ್ಟಾಕತ್ತೈತಿ," ಎಂದಳು ಮುದಕವ್ವ.

ಅನಸವ್ವನ ಅಂಗಳಕ್ಕೆ ಬರುವಾಗ ಅರ್ಧ ಊರೇ ಜೀಪಿನ ಹಿಂದಿತ್ತು. ರಾಜಶ್ರೀ ಚಂದ್ರಿಯ ಕಿವಿಯ ಹತ್ತಿರ ಮೊಬೈಲು ಹಿಡಿದರು. ಟೀಂ ಎಂದಿತು. ಅವರ ಮುಖ ಇಳಿಯಿತು.

"ಅಯ್ಯೋ. ಇದು ತೀರ್ಕೊಂಡಿರೋ ಎಮ್ಮೆ ಕಣ್ರೀ."

ಮಹಾದೇವಿಯ ಕಿವಿ ನೆಟ್ಟಗಾಯಿತು. ರಾವಸಾಹೇಬರು ಬಂದರೇ ಎಂದು ದಾರಿಯ ಕಡೆ ನೋಡಿದಳು.

"ನೋಡಮ್ಮ," ರಾಜಶ್ರೀ ಅನಸವ್ವನಿಗೆ ಹೇಳಿದರು, ಗದರಿಸಿ ಅಲ್ಲ, ಸಂಕಟಪಟ್ಟೇ ಹೇಳಿದರು. "ನಂಬರು ತೀರ್ಕೊಂಡ ಎಮ್ಮೆದು. ಹೆಸರು ತೇರದಾಳದವರದ್ದು. ಎಮ್ಮೆ ನಿಮ್ಮ ಮನೇಲಿ. ನಾನು ಬಿಟ್ಟುಹೋದ್ರೆ ನನ್ನ ಕೆಲಸ ಹೋಗುತ್ತೆ. ಕೊಂಡವಾಡಕ್ಕೆ ಕಳಿಸಲೇಬೇಕು." ಸಹಾಯಕನ ಕಡೆ ತಿರುಗಿದರು. "ಗಾಡಿಗೆ ಫೋನ್ ಮಾಡಿ."

"ಗಾಡಿ ಬರ್ಲಿ, ಗಾಡೀ ಅಪ್ಪನೂ ಬರ್ಲಿ," ಅನಸವ್ವ ಚಂದ್ರಿಯ ಕೊರಳು ತಬ್ಬಿಕೊಂಡಳು. "ನನ್ನೂ ಹೇರಿಕೊಂಡ ಹೋಗ್ರಿ. ನನ್ನ ಕಿವ್ಯಾಗೂ ಬೆಂಡೋಲಿ ಅದಾವ, ಅದರಾಗ ಯಾವ ನಂಬರ ಐತಿ ನೋಡ್ರಿ!"

ಜನ ಗೊಳ್ಳೆಂದರು. ರಾಜಶ್ರೀ ನಗು ತಡೆದುಕೊಳ್ಳಲು ಬೂಟು ನೋಡಿಕೊಂಡರು. ಅಷ್ಟರಲ್ಲಿ ಚಂದ್ರಿ ಒಮ್ಮೆ ನರಳಿ ಮಲಗಿತು. ಅದರ ಬೆನ್ನಿಗೇ ನೀರಿನ ಚೀಲ ಒಡೆಯಿತು.

ಇನ್ನು ಯಾರಿಗೆ ತಪಾಸಣೆ, ಯಾರಿಗೆ ಕಾಯ್ದೆ! ಗಂಡಸರು ಬೇಲಿಯ ಆಚೆಗೆ ಸರಿದರು. ಮಹಾದೇವಿ ಸೆರಗು ಸೊಂಟಕ್ಕೆ ಬಿಗಿದು ಕುಳಿತಳು. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಅರ್ಧ ತಾಸು. ಬೆಳ್ಳಗಿನ ಒಂದು ಗೊರಸು ಕಾಣಿಸಿತು. ಎರಡು ಕಾಣಬೇಕಿತ್ತು.

"ಬಾಯಾರ, ಒಂದ ಕಾಲ ಐತಿ. ಇನ್ನೊಂದು ಒಳಗ ಮಡಚೇತಿ."

ರಾಜಶ್ರೀ ಮೊಬೈಲನ್ನು ಸಹಾಯಕನ ಕೈಗೆ ತುರುಕಿ, ದುಪಟ್ಟಾ ನಡುವಿಗೆ ಕಟ್ಟಿ, ಭುಜದತನಕ ಕೈಗವಸು ಏರಿಸಿದರು. "ತೀರ್ಕೊಂಡಿದ್ಯೋ ಬದುಕಿದ್ಯೋ ಆಮೇಲೆ ನೋಡೋಣ. ಬಿಸಿನೀರು ತನ್ನಿ. ಮಹಾದೇವಿಯವ್ರೇ, ನೀವು ಆ ಕಾಲು ಬಿಡಬೇಡಿ."

"ಬಿಡೂದಿಲ್ರಿ."

ರಾಜಶ್ರೀ ಕಣ್ಣು ಮುಚ್ಚಿ ಒಳಗೆ ಕೈಯಾಡಿಸಿದರು, ಹಣೆಯ ಬೆವರು ಮೂಗಿಗೆ ಇಳಿಯಿತು. "ಸಿಕ್ತು," ಎಂದರು. ಮಡಚಿದ ಕಾಲು ನೆಟ್ಟಗಾಯಿತು. ಚಂದ್ರಿ ತಿಣುಕಿದಾಗಲೆಲ್ಲ ಇಬ್ಬರೂ ಎಳೆದರು, ಚಂದ್ರಿ ಬಿಟ್ಟಾಗ ಇವರೂ ಬಿಟ್ಟರು. ಮೂರನೇ ಸಲಕ್ಕೆ ಮೂಗು, ನಾಲ್ಕನೇ ಸಲಕ್ಕೆ ತಲೆ, ಐದಕ್ಕೆ ಇಡೀ ಕರು ಜರ್ರನೆ ಜಾರಿ ಇಬ್ಬರ ಮಡಿಲಿಗೂ ಬಿತ್ತು. ಇಬ್ಬರೂ ಹಿಂದಕ್ಕೆ ಉರುಳಿದರು.

ಪಡಸಾಲೆಯ ಗೋಡೆಯ ಗಡಿಯಾರ ಹನ್ನೆರಡೂ ಮೂವತ್ತೈದು ತೋರಿಸುತ್ತಿತ್ತು.

"ಹೆಣ್ಣಗರಾ!" ಅನಸವ್ವ ಕೂಗಿದ್ದು ಊರ ಅಗಸಿ ಬಾಗಿಲಿಗೂ ಕೇಳಿಸಿರಬೇಕು. "ಮಾದೇವಿ, ಹೆಣ್ಣಗರಾ ಬೇ!"

ಮಹಾದೇವಿ ಇಂಥ ನೂರು ಹೆರಿಗೆ ನೋಡಿದವಳು. ಆದರೂ ಆ ಒದ್ದೆ ಮರಿ ಕಿವಿ ಕೊಡವಿ, ನಾಲ್ಕು ಕಾಲು ನಾಲ್ಕು ದಿಕ್ಕಿಗೆ ಇಟ್ಟು, ಮುಗ್ಗರಿಸಿ, ಮತ್ತೆ ಎದ್ದಾಗ ಅವಳು ಮೊಣಕೈಯಿಂದ ಕಣ್ಣೊರೆಸಿಕೊಂಡಳು. ಪಕ್ಕದಲ್ಲಿ ನೋಡಿದರೆ ರಾಜಶ್ರೀಯವರ ಕಣ್ಣೂ ತೇವ. ಚಂದ್ರಿ ಕರುವನ್ನು ನೆಕ್ಕುತ್ತ ತಾನು ಸತ್ತಿರುವ ಸಂಗತಿಯನ್ನು ಪೂರ್ತಿ ಮರೆತಿತ್ತು.

"ಜೋಡೀಗೆ ಏನ್ ಹೇಳ್ತಿ ಅನಸವ್ವಾ?" ಬೇಲಿಯಾಚೆಯಿಂದ ನಿಂಗಣ್ಣನ ದನಿ.

ಈ ಸಲ ಕಸಬರಿಗೆ ನಿಜವಾಗಿಯೂ ಹಾರಿತು.

ಅದೇ ಕಸಬರಿಗೆ ತಪ್ಪಿಸಿಕೊಂಡು ಒಳಗೆ ಬಂದವರು ರಾವಸಾಹೇಬ. ಬಿಳಿ ಟೋಪಿ, ಬಿಳಿ ಮೀಸೆ, ಮೋಟರ್ ಸೈಕಲ್ಲಿನ ಹಿಂದೆ ಕಟ್ಟಿ ತಂದ ಒಂದು ದೊಡ್ಡ ಬೆಲ್ಲದ ಪೆಂಟೆ. ಚಂದ್ರಿ ಅವರ ದನಿ ಕೇಳಿದ್ದೇ ತಲೆಯೆತ್ತಿ ಹೂಂಕರಿಸಿತು.

"ಬಂದ್ಯಾ? ನೋಡಾಕ ಬಂದ್ಯಾ, ಪೂರ್ತಿ ಸತ್ತಾಳೋ ಇಲ್ಲೋ ಅಂತ?" ಅನಸವ್ವ ಸೊಂಟದ ಮೇಲೆ ಕೈಯಿಟ್ಟು ಎದುರು ನಿಂತಳು.

ರಾವಸಾಹೇಬರು ಕಕ್ಕಾಬಿಕ್ಕಿ. "ಏನ್ ಅನಸಕ್ಕಾ?"

"ನನ್ನ ಎಮ್ಮಿ ಸತ್ತೈತಂತ ಬರಸಿದಾಂವ ನೀನ!"

"ನಾನು?" ಅವರು ಎದೆ ಮುಟ್ಟಿಕೊಂಡರು. "ಭಗವಂತಾ! ಕೊಲ್ಲಾಂವ ಬಾಣಂತನಕ್ಕ ಬೆಲ್ಲಾ ತರ್ತಾನೇನ ಅನಸಕ್ಕಾ?"

ಮಹಾದೇವಿ ಕೈ ತೊಳೆದುಕೊಂಡು ನಿಧಾನಕ್ಕೆ ಇಬ್ಬರ ನಡುವೆ ಬಂದಳು.

"ರಾವಸಾಹೇಬ್ರ, ಮೂರು ತಿಂಗಳ ಹಿಂದ ನಿಮಗ ಒಂದು ಫೋನ ಬಂದಿತ್ತೇನ್ರಿ? ಚಂದ್ರಿ ಬಗ್ಗೆ ಕೇಳಿ?"

"ಬಂದಿತ್ತಲ್ಲ. ಒಬ್ಬಾಕಿ ಹೆಣ್ಮಗಳು. ಭಾಳ ಛಲೋ ಮಾತಾಡಿದ್ಳು."

"ಏನ್ ಕೇಳಿದ್ಳು? ಇದ್ದದ್ದು ಇದ್ದಂಗ ಹೇಳ್ರಿ."

ರಾವಸಾಹೇಬರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ನಿಮ್ಮ ಎಮ್ಮೆ ಹೇಗಿದೆ ಅಂದ್ಳು. ಇಲ್ರಿ, ಅದು ತೀರಿತ್ರಿ ಅಂದೆ. ಪಾಲು ತೀರಿತ್ತಲ್ಲ, ಎಮ್ಮಿ ಇಲ್ಲಿಗಿ ಕಳಿಸಿದ್ದೆ. ಅದಕ್ಕ ಆಕಿ 'ಅಯ್ಯೋ ಪಾಪ' ಅಂದ್ಳು. ಪಾಪ ಯಾಕ ಅಂತಾಳ ನನಗ ತಿಳೀಲಿಲ್ಲ."

"ಆಮ್ಯಾಲ?"

"ಯಾವಾಗ ಅಂದ್ಳು. ಪಂಚಮಿ ಮುಂದ, ಹೋಳಿಗಿ ತಿನಿಸಿ, ಕುಂಕುಮ ಹಚ್ಚಿ, ಮಾಲಿ ಹಾಕಿ, ಓಣ್ಯಾನ ಮಂದಿ ಎಲ್ಲಾ ಕೂಡಿ ಕಳಿಸಿಕೊಟ್ವಿ ಅಂದೆ. ನನ್ನ ಹೆಂಡ್ತಿ ಎರಡು ದಿನಾ ಅತ್ತಳು ಅಂದೆ. ಖರೇನ ಅತ್ತಿದ್ಳು. ಆ ಹೆಣ್ಮಗಳೂ ಅತ್ತಂಗ ಮೂಗು ಸೊರ್ರ ಅನಿಸಿದ್ಳು. 'ನೀವು ತುಂಬಾ ಪ್ರೀತಿಯಿಂದ ಸಾಕಿದ್ರಿ ಅನ್ಸುತ್ತೆ, ಧೈರ್ಯ ತಂದ್ಕೊಳ್ಳಿ' ಅಂದ್ಳು. ತಂದ್ಕೋತೇನಿ ಅಂದೆ."

ಯಾರೋ ಒಬ್ಬರು ಕಿಸಕ್ಕೆಂದರು. ಮಹಾದೇವಿ ನಗಲಿಲ್ಲ. ಅವಳ ಕಣ್ಣು ರಾಜಶ್ರೀಯವರ ಮೇಲಿತ್ತು. ಅವರ ಮುಖ ಮೊದಲು ಬಿಳುಪಾಗಿ, ಆಮೇಲೆ ಕೆಂಪಾಗುತ್ತಿತ್ತು.

"ಬಾಯಾರ," ಮಹಾದೇವಿ ಮೆಲ್ಲಗೆ ಹೇಳಿದಳು, "ನಮ್ಮ ಕಡೆ ದನಾ ಸಾಯ್ತಾವ್ರಿ. ಪಾಲು ತೀರತಾವ. ತೀರಿಕೊಳ್ಳಾವ್ರು ಮನಶ್ಯಾರು ಅಷ್ಟ. ಎಮ್ಮಿ 'ತೀರಿಕೊಂಡೈತಿ' ಅಂತ ಬರದಾವ್ರು ಹೊರಗಿನವರು. ಮುಂಜಾನಿ ನೀವೂ ಅದೇ ಮಾತು ಆಡಿದ್ರಿ. ಬರದಾವ್ರ ಹೆಸರು ನನ್ನ ಮೊಬೈಲಿನ್ಯಾಗ ಕಾಣಸೂದಿಲ್ಲ. ನಿಮ್ಮದರಾಗ ಕಾಣಸ್ತೈತಿ. ಒಮ್ಮಿ ತಗದ ನೋಡ್ರಿ."

ರಾಜಶ್ರೀ ಸಹಾಯಕನ ಕೈಯಿಂದ ಮೊಬೈಲು ತೆಗೆದುಕೊಂಡರು. ಬೆಳಿಗ್ಗೆ ತೆರೆದಿಟ್ಟ ಪುಟದ ಮೇಲೇ ಬೆರಳು ಆಡಿತು, ನಿಂತಿತು.

"ನಾನೇ," ಎಂದರು. ಕೆಮ್ಮಿ ಮತ್ತೆ ಹೇಳಿದರು. "ನಾನೇ ಕಣ್ರೀ. ಬಂದ ಹೊಸದರಲ್ಲಿ ಫೋನ್ ಮಾಡಿ ಪಟ್ಟಿ ಸರಿಮಾಡ್ತಿದ್ದೆ. ನಮ್ಮನೇಲಿ ಹಸು ಎಮ್ಮೆಗೆಲ್ಲ ತೀರ್ಕೊಂಡ್ತು ಅಂತಾನೇ ಅನ್ನೋದು. ಸತ್ತೋಯ್ತು ಅಂದ್ರೆ ನಮ್ಮಜ್ಜಿ ಬಾಯಿಗೆ ಹೊಡೀತಿದ್ರು. ಆ ದಿನ ಫೋನ್ ಇಟ್ಟ ಮೇಲೆ ನಾನೂ ಅತ್ತಿದ್ದೆ!"

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಇಲ್ಲಿ ಪಾಲು ತೀರಿತು ಎಂದರೆ ಎಮ್ಮೆಗೇ ಮಣ್ಣು ಕೊಟ್ಟುಬಿಟ್ಟಿದ್ದರು. ಅನಸವ್ವನ ಹೊಟ್ಟೆಯಾಳದಿಂದ ನಗು ಎದ್ದಿತು. ಅವಳು ಮೇವಿನ ಗ್ವಾದಲಿ ಹಿಡಿದುಕೊಂಡು ನಕ್ಕಳು, ರಾವಸಾಹೇಬರು ಟೋಪಿಯಿಂದ ಕಣ್ಣೊರೆಸಿಕೊಂಡು ನಕ್ಕರು, ಬುಟ್ಟಿಯಿಂದ ಎದ್ದು ಬಂದ ಮುದಕವ್ವ ಯಾಕೆಂದು ತಿಳಿಯದೆಯೇ ನಕ್ಕಳು.

"ಕೊಂದಾಕೀನ ಹೆರಿಗಿ ಮಾಡಿಸಿದ್ಳು!" ಅನಸವ್ವ ರಾಜಶ್ರೀಯವರ ಗಲ್ಲ ಹಿಡಿದಳು. "ಹೋಗ್ಲಿ ಬಿಡವ್ವಾ, ಲೆಕ್ಕ ಚುಕ್ತಾ ಆತು. ಗಿಣ್ಣ ಉಣ್ಣದ ಹೋಗಬ್ಯಾಡ ಮತ್ತ. ರಾವಸಾಹೇಬಣ್ಣಾ, ನೀನೂ ಕೂಡು. ಬಾಯಿಗಿ ಬಂದದ್ದು ಅಂದೆ, ಹೊಟ್ಯಾಗ ಹಾಕೋ."

"ನಿನ್ನ ಮಾತು ಹೊಟ್ಯಾಗ ಹಾಕೊಂಡ್ರ ಗಿಣ್ಣಕ್ಕ ಜಾಗ ಎಲ್ಲೈತಿ ಅನಸಕ್ಕಾ?"

ಕರುವಿಗೆ ಕುಡಿಸಿ ಉಳಿದ ಮೊದಲ ಹಾಲು ತಂಬಿಗೆಗೆ ಬಿತ್ತು. ರಾವಸಾಹೇಬರ ಬೆಲ್ಲ, ಅನಸವ್ವನ ಯಾಲಕ್ಕಿ. ಅಡುಗೆಮನೆಯಿಂದ ಗಿಣ್ಣದ ಹಬೆಯ ವಾಸನೆ ಅಂಗಳಕ್ಕೆ ಬರುತ್ತಿದ್ದಂತೆ ತಪಾಸಣೆಗೆಂದು ಸೇರಿದ್ದ ಜನ ಪಂಕ್ತಿಗೆ ಕುಳಿತವರಂತೆ ಕುಳಿತರು. ಮಹಾದೇವಿಗೆ ಮೈಯೆಲ್ಲ ಹಗುರವಾಗಿತ್ತು. ಒಂದು ವಾರದ ಭಾರ ಕರುವಿನ ಜೊತೆ ಇಳಿದುಹೋಗಿತ್ತು.

ಹೊರಗೆ ಗಾಡಿಯ ಹಾರ್ನು ಕೇಳಿಸಿತು. ಕೊಂಡವಾಡದ ಗಾಡಿ. ಡ್ರೈವರು ಬೇಲಿಯ ಮೇಲಿಂದ ಕತ್ತು ಚಾಚಿದ. "ಯಾವ ಎಮ್ಮಿರಿ?"

"ಯಾವುದೂ ಇಲ್ಲ, ನಿಲ್ಲಿ," ರಾಜಶ್ರೀ ನಗುತ್ತಲೇ ಹೇಳಿದರು. "ಎರಡು ನಿಮಿಷ. ಚಂದ್ರೀನ ಬದುಕಿಸಿಬಿಟ್ಟು ನಿಮ್ಮನ್ನ ವಾಪಸ್ ಕಳಿಸ್ತೀನಿ. ಮಾಲೀಕರ ಜಾಗಕ್ಕೆ ಅನಸವ್ವನ ಹೆಸರು, ಸ್ಥಿತಿ ಜೀವಂತ. ಹೊಸ ಕರುವಿಗೂ ಒಂದು ಓಲೆ."

ಅವರು ಮತ್ತೆ ಚಂದ್ರಿಯ ಕಿವಿಗೆ ಮೊಬೈಲು ಹಿಡಿದರು. ಟೀಂ.

ನಗು ತುಟಿಯ ಮೇಲೇ ಒಣಗಿತು.

"ಏನಾತ್ರಿ?" ಮಹಾದೇವಿ ಹತ್ತಿರ ಹೋದಳು.

ರಾಜಶ್ರೀ ಪರದೆಯನ್ನು ಅವಳ ಕಡೆ ತಿರುಗಿಸಿದರು. ಬೆಳಿಗ್ಗೆ ಕಂಡ 'ಮರಣ' ಅಲ್ಲಿರಲಿಲ್ಲ. ಆ ಜಾಗದಲ್ಲಿ ಹಸಿರು ಅಕ್ಷರ: 'ಜೀವಂತ. ತಪಾಸಣೆ ಮುಗಿದಿದೆ. ಸ್ಥಳ: ಬೀಳಗಿ ತಾಲೂಕು.' ಕೆಳಗೆ ಒಂದು ಫೋಟೊ. ಕಪ್ಪಗೆ ಮಿಂಚುವ ಎಮ್ಮೆ, ಚಂದ್ರಿಯಲ್ಲ, ಬೇರೆ. ಅದರ ಕಿವಿಯಲ್ಲೂ ಹಳದಿ ಬಿಲ್ಲೆ, ಬಿಲ್ಲೆಯ ಮೇಲೆ ಅದೇ ಹನ್ನೆರಡು ಅಂಕಿ. ಹಗ್ಗ ಹಿಡಿದ ಒಂದು ಕೈ ಕಾಣುತ್ತಿತ್ತು, ಮೊಣಕೈತನಕ ಹಸಿರು ಬಳೆ. ಮುಖವಿರಲಿಲ್ಲ.

"ಒಂದು ನಂಬರಿಗೆ ಒಂದೇ ಎಮ್ಮೆ," ರಾಜಶ್ರೀ ಪಿಸುಗುಟ್ಟಿದರು. "ಬೀಳಗೀದು ಅಸಲಿ ಅಂತ ದಾಖಲಾಗಿಬಿಟ್ಟಿದೆ. ಈಗ ನಾನು ಇವಳನ್ನ ಬದುಕಿಸೋಕೆ ಆಗಲ್ಲ."

ಅನಸವ್ವ ಒಳಗಿನಿಂದ ಗಿಣ್ಣದ ತಾಟು ಹಿಡಿದು ಬರುತ್ತಿದ್ದಳು. ಬೇಲಿಯಾಚೆ ಡ್ರೈವರು ಗಾಡಿಯ ಹಿಂದಿನ ಹಲಗೆ ಇಳಿಸಿದ. ಎದ್ದು ನಿಂತ ಕರು ಮೊದಲ ಸಲ ತಾಯಿಯನ್ನು ಕೂಗಿತು.

"ಯಾರ ಬರದಾರ ಅದನ್ನ? ಹೆಸರು ನೋಡ್ರಿ," ಎಂದಳು ಮಹಾದೇವಿ.

"ನೋಡಿದೆ." ರಾಜಶ್ರೀ ಪರದೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಪಶುಸಖಿ ಮಹಾದೇವಿ, ಹುನ್ನೂರ. ನಿಮ್ಮದೇ ಹೆಸರು, ನಿಮ್ಮದೇ ಪಾಸ್‌ವರ್ಡು. ಸಮಯ ಹನ್ನೆರಡೂ ಮೂವತ್ತೈದು."

ಮಹಾದೇವಿ ಆ ಸಾಲನ್ನು ತಾನೇ ಬಗ್ಗಿ ಓದಿದಳು.

"ಆ ಹೊತ್ತಲ್ಲಿ ನಿಮ್ಮ ಎರಡೂ ಕೈಯಲ್ಲಿ ಈ ಕರುವಿನ ಕಾಲಿದ್ವು. ಅದಕ್ಕೆ ನಾನೇ ಸಾಕ್ಷಿ," ಎಂದರು ರಾಜಶ್ರೀ. "ಹಾಗಾದ್ರೆ ಬೀಳಗೀಲಿರೋ ಮಹಾದೇವಿ ಯಾರು?"